ಅಂತರಪಟದ ಅಂಚಿನ ನಾಲ್ಕು ಬೆರಳು

ಹಿರಿಯೂರಿನಿಂದ ಧರ್ಮಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನಾನು ನಿದ್ದೆ ಮಾಡುವುದಿಲ್ಲ, ಎಚ್ಚರವಾಗಿಯೂ ಇರುವುದಿಲ್ಲ. ಎರಡರ ನಡುವೆ ಎಲ್ಲೋ ತೂಗುತ್ತ ಕೂತಿರುತ್ತೇನೆ. ಹಾಗೆ ಕೂತಿದ್ದಾಗ ಒಂದು ದಿನ ಫಳ್ಳನೆ ಕಣ್ಣಿಗೆ ಬೆಳಕು ಹೊಡೆಯಿತು. ನೋಡಿದರೆ ಶೇಂಗಾ ಹೊಲದ ನಡುವೆ ಒಂದು ಗೂಟ, ಗೂಟಕ್ಕೊಂದು ದಾರ, ದಾರದ ತುದಿಗೆ ಒಂದು ಹಳೇ ಸೀಡಿ. ಹಕ್ಕಿಗಳು ಬರದಿರಲಿ ಅಂತ ಯಾರೋ ಕಟ್ಟಿದ್ದರು. ಗಾಳಿಗೆ ಅದು ತಿರುಗಿದಂತೆಲ್ಲ ಹಸಿರು ಗಿಡಗಳ ಮೇಲೆ ಬಣ್ಣದ ಚುಕ್ಕೆಗಳು ಓಡಾಡುತ್ತಿದ್ದವು.

ಅದರೊಳಗೆ ಏನಿರಬಹುದು ಅಂತ ಯೋಚನೆ ಹತ್ತಿತು. ನಮ್ಮ ಕಡೆ ಮನೆಗಳಲ್ಲಿರುವ ಸೀಡಿಗಳು ಹೆಚ್ಚಾಗಿ ಮದುವೆಯವೇ. ಅಂದರೆ ಯಾರದೋ ಧಾರೆ, ಯಾರದೋ ಊಟದ ಪಂಕ್ತಿ, ಕ್ಯಾಮೆರಾ ಕಂಡೊಡನೆ ತುತ್ತನ್ನು ಬಾಯಿಗಿಡದೆ ಅರ್ಧದಲ್ಲಿ ನಿಲ್ಲಿಸಿದ ಯಾರದೋ ಸೋದರಮಾವ, ಎಲ್ಲರೂ ಆ ತಟ್ಟೆಯೊಳಗೆ ಕೂತು ಬಿಸಿಲಲ್ಲಿ ತಿರುಗುತ್ತ ಗಿಳಿ ಓಡಿಸುತ್ತಿದ್ದಾರೆ. ಬಸ್ಸು ಮುಂದೆ ಹೋದರೂ ಆ ಬೆಳಕು ಬಹಳ ಹೊತ್ತು ನನ್ನ ರೆಪ್ಪೆಯೊಳಗೇ ಇತ್ತು.

ನನಗೆ ಅದು ಚುಚ್ಚಿದ್ದಕ್ಕೆ ಬೇರೆ ಕಾರಣವೂ ಇತ್ತು. ಆ ದಿನಗಳಲ್ಲಿ ನಾನು ನಮ್ಮಕ್ಕನ ಮನೆಗೆ ಒಂದು ಡಿಸ್ಕ್ ಪ್ಲೇಯರ್ ಆರಿಸಿ ಕೊಡಬೇಕಾಗಿತ್ತು. ಆರಿಸದೆ ತಪ್ಪಿಸಿಕೊಂಡು ತಿರುಗುತ್ತಿದ್ದೆ.

ನಾನು ಹೊಳಲ್ಕೆರೆಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಡಿಶ್ ಕೂರಿಸುವುದು, ರಿಮೋಟು, ವಯರು, ಪಿನ್ನು, ಇಂಥವು. ಓದಿದ್ದು ತಾಳ್ಯದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಅದರಾಚೆ ಓದದೇ ಹೋದದ್ದಕ್ಕೆ ಶಾಲೆಯ ತಪ್ಪೇನೂ ಇಲ್ಲ, ನನಗೆ ಸಿನಿಮಾದ ಹುಚ್ಚು. ಹೆಸರು ವೀರಭದ್ರಪ್ಪ. ಕರೆಯುವವರಿಗೆ ಈರಣ್ಣ, ಅಕ್ಕ ಒಬ್ಬಳಿಗೆ ಮಾತ್ರ ಈಗಲೂ ಈರ. ವಯರಿನ ಯಾವ ತುದಿಯನ್ನು ಎಲ್ಲಿ ಚುಚ್ಚಬೇಕೆಂದು ಗೊತ್ತಿರುವ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ನಾನು ಎಂಜಿನಿಯರ್ ಇದ್ದ ಹಾಗೆ. ಯಾರ ಮನೆಯಲ್ಲಿ ಟಿವಿ ಮುಖ ಊದಿಸಿಕೊಂಡರೂ ನನಗೇ ಫೋನು.

ಅಕ್ಕನನ್ನು ಕೊಟ್ಟಿರುವುದು ಹಿರಿಯೂರಿಗೆ. ಭಾವ ತೆಂಗಿನಕಾಯಿ ವ್ಯಾಪಾರದವರು. ಮಾತು ಕಡಿಮೆ. ಕಾಯಿಯನ್ನು ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದು ನೋಡುವ ಹಾಗೆಯೇ ಮನುಷ್ಯರನ್ನೂ ನೋಡುತ್ತಾರೆ. ಅಕ್ಕನಿಗೆ ಮಂಡಿ ನೋವು ಶುರುವಾಗಿ ಟಾಕೀಸಿನ ಮೆಟ್ಟಿಲು ಹತ್ತುವುದು ನಿಂತಾಗ ಅವರು ಏನೂ ಹೇಳಲಿಲ್ಲ. ಕಾಯಿ ತುಂಬುತ್ತಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದರು. ಚಾವಣಿಗೆ ಪ್ರೊಜೆಕ್ಟರ್ ಬಂತು, ಗೋಡೆಯಷ್ಟು ಪರದೆ ಬಂತು, ಮೂಲೆಮೂಲೆಗೆ ಸ್ಪೀಕರ್ ಬಂದವು. ಶಬ್ದ ಗೋಡೆಗೆ ಬಡಿದು ವಾಪಸು ಬರಬಾರದು ಅಂತ ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆಸಿದರು. ಪೇಟೆಯವರು ಅದಕ್ಕೆ ಏನೇನೋ ತಗಡು, ಸ್ಪಂಜು ಹಾಕಿಸುತ್ತಾರಂತೆ. ನಮ್ಮ ಭಾವನ ಹೋಮ್ ಥಿಯೇಟರಿನಲ್ಲಿ ದೀಪ ಆರಿಸಿದರೆ ಹೊಸ ಹಗ್ಗದ ವಾಸನೆ ಬರುತ್ತದೆ. ಕಣ್ಣು ಮುಚ್ಚಿದರೆ ಯಾವುದೋ ಹಡಗಿನ ಹೊಟ್ಟೆಯೊಳಗೆ ಕೂತ ಹಾಗೆ. ನಾನು ಹಡಗು ನೋಡಿಲ್ಲ, ಆ ಮಾತು ಬೇರೆ.

ಸ್ಪೀಕರಿನ ವಯರು ಎಳೆದವನು ನಜೀರ್. ಒಂದು ಕಾಲದಲ್ಲಿ ಹೊಳಲ್ಕೆರೆ ಸೀಮೆಯ ಮದುವೆಗಳಿಗೆಲ್ಲ ಮೈಕ್ ಸೆಟ್ಟು ಅವನದೇ. ನಾವಿಬ್ಬರೂ ಒಂದೇ ವಯಸ್ಸಿನವರು, ಒಂದೇ ಬೀಡಿಯಲ್ಲಿ ಕೆಮ್ಮು ಕಲಿತವರು.

ಎಲ್ಲವೂ ಆಗಿ ಉಳಿದದ್ದು ಪ್ಲೇಯರ್ ಒಂದೇ. ಆ ಓಣಿಯಲ್ಲಿ ನೆಟ್ಟು ಸರಿಯಾಗಿ ಬರುವುದಿಲ್ಲ. ಬಂದರೂ ಭಾವನಿಗೆ, ಕೈಯಲ್ಲಿ ಹಿಡಿಯಲು ಆಗದ ವಸ್ತುವಿನ ಮೇಲೆ ನಂಬಿಕೆಯಿಲ್ಲ. ಜತೆಗೆ ಅಕ್ಕನ ಬೀರುವಿನಲ್ಲಿ ಸೀರೆಯ ಮಡಿಕೆಗಳ ನಡುವೆ ಸೀಡಿಗಳಿವೆ. ಮೇಲಿನದು, ಎಲ್ಲಕ್ಕಿಂತ ಹೆಚ್ಚು ಗೀರು ಬಿದ್ದದ್ದು, ಅವಳ ಮದುವೆಯದು.

“ಅಲ್ಟ್ರಾ ಎಚ್‌ಡಿದೇ ಇರ್ಲಿ ಈರಣ್ಣ. ನಿಂಗ್ ಗೊತ್ತಾಗ್ತೈತೆ, ನೀನೇ ನೋಡಿ ತಾ,” ಅಂದರು ಭಾವ. ಅವರ ಮಟ್ಟಿಗೆ ಅದೊಂದು ಭಾಷಣ.

ಚಿತ್ರದುರ್ಗಕ್ಕೆ ಹೋದೆ. ಅಂಗಡಿಯವರು ನನ್ನನ್ನು ಕತ್ತಲೆ ಕೋಣೆಯಲ್ಲಿ ಮೆತ್ತನೆಯ ಸೋಫಾದ ಮೇಲೆ ಕೂರಿಸಿ ಎರಡು ಪ್ಲೇಯರ್ ತೋರಿಸಿದರು. ಮೊದಲಿನದು ಸಾಧಾರಣದ್ದು. ಚಿತ್ರ ಚೆನ್ನಾಗಿಯೇ ಇತ್ತು, ನಾವು ಟಿವಿಯಲ್ಲಿ ನೋಡುತ್ತೇವಲ್ಲ, ಹಾಗೆ. ಎರಡನೆಯದು ಅಲ್ಟ್ರಾ ಎಚ್‌ಡಿ. ತಟ್ಟೆ ಸದ್ದೇ ಇಲ್ಲದೆ ಒಳಗೆ ಹೋಯಿತು. ಪರದೆಯ ಮೇಲೆ ಒಂದು ಜೇನುಹುಳ ಬಂದು ಹೂವಿನ ಮೇಲೆ ಕೂತಿತು. ಅದರ ಕಾಲಿಗೆ ಅಂಟಿದ ಹಳದಿ ಪುಡಿ, ಪುಡಿಯ ಮೇಲಿನ ಇಬ್ಬನಿ, ಇಬ್ಬನಿಯೊಳಗೆ ಇನ್ನೊಂದು ಪುಟಾಣಿ ಹೂವು. ಆಮೇಲೆ ಒಂದು ಗುಹೆ ತೋರಿಸಿದರು. ಕಪ್ಪು ಬರೀ ಕಪ್ಪಾಗಿರಲಿಲ್ಲ. ಕತ್ತಲೊಳಗೂ ಏನೇನು ಕೂತಿದೆ ಅಂತ ಕಾಣುತ್ತಿತ್ತು. ನನಗೆ ಅದೇ ಸರಿಬರಲಿಲ್ಲ.

“ಹಳೇ ಸೀಡಿ ಹಾಕಿದ್ರೆ ಹೆಂಗ್ರಿ?” ಅಂತ ಕೇಳಿದೆ.

“ಹಳೇದನ್ನೂ ಇದು ತಾನೇ ತಿದ್ದಿ ತೋರಿಸ್ತೈತ್ರಿ. ನಿಮ್ಮ ಮದ್ವೆ ಸೀಡಿ ತಂದು ಹಾಕ್ರಿ, ಹಣೆ ಮೇಲಿನ ಬೆವರು ಕಾಣ್ತೈತೆ,” ಅಂದರು.

ಆ ಕ್ಷಣಕ್ಕೆ ನನ್ನ ಹಣೆಯ ಬೆವರು ನೋಡಲು ಯಾವ ಯಂತ್ರವೂ ಬೇಕಾಗಿರಲಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಎದ್ದು ಬಂದುಬಿಟ್ಟೆ.

ಯಾಕೆ ಎದ್ದು ಬಂದೆ ಅಂತ ಹೇಳಬೇಕಾದರೆ ಬಹಳ ಹಿಂದಕ್ಕೆ, ಒಂದು ಕೆಟ್ಟ ಬಲ್ಬಿನ ತನಕ ಹೋಗಬೇಕು.

ತಾಳ್ಯದಲ್ಲಿ ನಾವು ಸಣ್ಣವರಿದ್ದಾಗ ಊರಾಚೆ ಟೆಂಟ್ ಸಿನಿಮಾ ಬರುತ್ತಿತ್ತು. ಟೆಂಟಿನ ಹಿಂದೆ ಕತ್ತರಿಸಿ ಬಿಸಾಕಿದ ಫಿಲ್ಮಿನ ತುಂಡುಗಳು ಸಿಕ್ಕುತ್ತಿದ್ದವು. ಅವು ನನ್ನ ಆಸ್ತಿ. ಕೆಟ್ಟ ಬಲ್ಬಿನ ತಲೆ ಬಿಚ್ಚಿ, ಒಳಗಿನ ತಂತಿ ತೆಗೆದು, ನೀರು ತುಂಬಿದರೆ ಅದೇ ಭೂತಗನ್ನಡಿ. ಹೊರಗೆ ಅಂಗಳದಲ್ಲಿ ಕಲ್ಲಿಗೆ ಒರಗಿಸಿಟ್ಟ ಕನ್ನಡಿಯಿಂದ ಬಿಸಿಲು ಬಾಗಿಲ ಸಂದಿಯಲ್ಲಿ ಒಳಗೆ ಬರಬೇಕು, ಅದಕ್ಕೆ ಅಡ್ಡ ಫಿಲ್ಮು, ಫಿಲ್ಮಿನ ಮುಂದೆ ಬಲ್ಬು. ಕತ್ತಲೆ ಕೋಣೆಯಲ್ಲಿ ಅಪ್ಪನ ಬಿಳಿ ಪಂಚೆಯ ಮೇಲೆ ಯಾರದೋ ದೊಡ್ಡ ಮುಖ ನಡುಗುತ್ತ ಅರಳುತ್ತಿತ್ತು. ಅದು ಅಲ್ಲಾಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಆದರೂ ಓಣಿಯ ಮಕ್ಕಳು ಉಸಿರು ಹಿಡಿದು ನೋಡುತ್ತಿದ್ದರು.

ಆ ಪಂಚೆಯನ್ನು ಹಿಡಿಯುತ್ತಿದ್ದವಳು ಅಕ್ಕ. ಪಂಚೆಯ ಹಿಂದೆ ನಿಂತು, ಎರಡೂ ಕೈ ಅಗಲಿಸಿ, ತಲೆಯ ಮೇಲಕ್ಕೆತ್ತಿ ಹಿಡಿಯಬೇಕು. ಮೊಳೆ ಹೊಡೆದರೆ ಅಪ್ಪ ಬಯ್ಯುತ್ತಿದ್ದರು. ಮಣ್ಣಿನ ಗೋಡೆ ಉದುರುತ್ತಿತ್ತು. ಕೈ ಸೋತು ಪಂಚೆ ಅಲುಗಿದರೆ ನಾನು ಈಚೆಯಿಂದ, “ಅಲ್ಲಾಡಿಸ್ಬೇಡ ಕಣೆ” ಅಂತ ಗದರುತ್ತಿದ್ದೆ. ನನಗಿಂತ ಐದು ವರ್ಷ ದೊಡ್ಡವಳು, ಗದರಿಸಿಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಅವಳಿಗೆ ಚಿತ್ರ ಕಾಣುತ್ತಿದ್ದದ್ದು ಹಿಂದಿನಿಂದ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಆಗಿ, ಬಟ್ಟೆಯ ನೂಲಿನೊಳಗೆ ಮಸುಕಾಗಿ. ಆಟ ಮುಗಿದ ಮೇಲೆ ತೋಳು ತಿಕ್ಕಿಕೊಳ್ಳುತ್ತ ಕೇಳುತ್ತಿದ್ದಳು: “ಹೆಂಗ್ ಕಾಣ್ತಿತ್ತೋ?”

ನಾನು ಹೇಳುತ್ತಿದ್ದೆ. ಇದ್ದದ್ದಕ್ಕೆ ಇಲ್ಲದ್ದನ್ನು ಸೇರಿಸಿ ಹೇಳುತ್ತಿದ್ದೆ. ಕುದುರೆ ಇರದಿದ್ದರೂ ಕುದುರೆ ಓಡಿತು ಅನ್ನುತ್ತಿದ್ದೆ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು. ಒಂದು ಸಲವಾದರೂ, ಕೊಡಕ್ಕ, ಈ ಸಲ ನಾನು ಹಿಡಿಯುತ್ತೇನೆ, ನೀನು ಮುಂದೆ ಕೂತು ನೋಡು, ಅಂದೆನೇ ಅಂತ ನೆನಪು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ. ಅಂಥ ನೆನಪು ಸಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ಮದುವೆಗೆ ಬರಬಹುದು.

ಅಕ್ಕನ ಮದುವೆ ಹೊಳಲ್ಕೆರೆಯ ಛತ್ರದಲ್ಲಾಯಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಧಾರೆಗೆ ಮುಂಚೆ ಹೆಣ್ಣು ಗಂಡಿನ ನಡುವೆ ಹಿಡಿಯುತ್ತಾರಲ್ಲ ಅಂತರಪಟ, ಆ ಬಿಳಿ ಬಟ್ಟೆಯ ಒಂದು ತುದಿಯನ್ನು ಹೆಣ್ಣಿನ ತಮ್ಮನೋ ಅಣ್ಣನೋ ಹಿಡಿಯಬೇಕು. ಮುಹೂರ್ತ ಕಳೆದ ಮೇಲೆ ಆ ಬಟ್ಟೆ ಹಿಡಿದವನಿಗೇ ಸೇರುತ್ತದೆ, ಅವನು ಅದರಲ್ಲಿ ಅಂಗಿ ಹೊಲಿಸಿಕೊಳ್ಳುತ್ತಾನೆ. ಅಕ್ಕನಿಗೆ ನಾನೊಬ್ಬನೇ ತಮ್ಮ. ನಿಶ್ಚಿತಾರ್ಥದ ದಿನದಿಂದಲೇ ಅವಳು ತಮಾಷೆ ಮಾಡುತ್ತಿದ್ದಳು. ಇಷ್ಟು ವರ್ಷ ನಾನು ನಿನಗೆ ಬಟ್ಟೆ ಹಿಡಿದೆ, ಒಂದು ದಿನ ನೀನು ನನಗೆ ಹಿಡಿ, ಕೈ ನಡುಗಿಸಿದರೆ ನೋಡು, ಅಂತ.

ವಿಡಿಯೋದವರು ಹೊಸದುರ್ಗದಿಂದ ಬಂದಿದ್ದರು. ಆಗೊಂದು ಹೊಸ ಶೋಕಿ ಹತ್ತಿತ್ತು. ಮಂಟಪದ ಕ್ಯಾಮೆರಾದಿಂದ ವಯರು ಎಳೆದು ಊಟದ ಮನೆಯಲ್ಲಿ ಒಂದು ಟಿವಿ ಇಡುತ್ತಿದ್ದರು. ಊಟಕ್ಕೆ ಕೂತವರೂ ಧಾರೆ ನೋಡಬಹುದು. ಆ ವಯರು ಎಳೆದವನು ನಾನೇ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಟಿವಿಯಲ್ಲಿ ಬಣ್ಣ ಸರಿಯಾಗಿಲ್ಲ ಅಂತ ಯಾರೋ ಹೇಳಿದರು. ಹೋಗಿ ತಿರುಪು ತಿರುಗಿಸಿದೆ. ಚಿತ್ರ ನಿಚ್ಚಳವಾಗಿ ಬಂತು.

ಅಂಥ ಚಿತ್ರವನ್ನು ನಾನು ಅದುವರೆಗೆ ನೋಡಿರಲಿಲ್ಲ. ಕ್ಯಾಸೆಟ್ಟಿನಿಂದ ಬಂದದ್ದಲ್ಲ, ಕ್ಯಾಮೆರಾದಿಂದ ನೇರ ಬಂದದ್ದು. ಬಾಸಿಂಗದ ಮುತ್ತುಗಳು ಒಂದೊಂದೂ ಹೊಳೆಯುತ್ತಿದ್ದವು. ನಮ್ಮಕ್ಕ, ಸಗಣಿ ಬಾಚುತ್ತಿದ್ದ, ನನ್ನ ಮೂಗು ಒರೆಸುತ್ತಿದ್ದ ನಮ್ಮಕ್ಕ, ಟಿವಿಯಲ್ಲಿದ್ದಳು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಬಿಳಿ ಬಟ್ಟೆ ಬಿಚ್ಚಿದರು. ಮದುವೆ ಮಾಡಿಸುತ್ತಿದ್ದ ಅಯ್ಯನವರ ದನಿ ಟಿವಿಯಿಂದ ಬಂತು: “ಹೆಣ್ಣಿನ ತಮ್ಮ ಎಲ್ಲಪ್ಪ?”

ಈಗ ಹೇಳುವುದು ಯಾರೂ ನಂಬದ ಮಾತು, ಆದರೂ ಹೇಳುತ್ತೇನೆ. ನಾನು ಏಳಲಿಲ್ಲ. ಸೋಮಾರಿತನಕ್ಕಲ್ಲ, ಮರೆತೂ ಅಲ್ಲ. ಟಿವಿಯೊಳಗಿನವರು ಕರೆದರೆ ಯಾರಾದರೂ ಎದ್ದು ಹೋಗುತ್ತಾರೆಯೇ? ಹೆಣ್ಣಿನ ತಮ್ಮ ಯಾವ ಕಡೆಯಿಂದ ಬರುತ್ತಾನೋ ಅಂತ ನಾನೂ ಕಾದು ನೋಡುತ್ತಿದ್ದೆ.

ಅಯ್ಯನವರು ಮತ್ತೆ ಕರೆದರು. ಅಪ್ಪ ಅತ್ತಿತ್ತ ನೋಡಿದರು. ಮುಹೂರ್ತ ಮೀರುತ್ತದೆ, ಯಾರಾದರೂ ಹಿಡಿಯಿರಪ್ಪ, ಅಂದಿರಬೇಕು. ಬಟ್ಟೆ ಮೇಲೆದ್ದಿತು. ಪರದೆಯ ತುಂಬ ಬಿಳಿ. ಎಡ ಅಂಚಿನಲ್ಲಿ, ಬಾಳೆಕಂಬದ ಮರೆಯಿಂದ, ನಾಲ್ಕು ಬೆರಳು ಬಂದು ಬಟ್ಟೆಯನ್ನು ಹಿಡಿದವು. ಕಿರುಬೆರಳಿನ ತುದಿ ಕೆಂಪಗಿತ್ತು. ಆ ವಾರ ನಜೀರನ ಅಣ್ಣನ ಮದುವೆಯಾಗಿತ್ತು, ಅವನ ಕಿರುಬೆರಳಿಗೆ ಮೆಹಂದಿ ಹಚ್ಚಿದ್ದರು. ಮೈಕು ಹಿಡಿದು ಮಂಟಪದ ಪಕ್ಕ ನಿಂತಿದ್ದವನು ಅವನೇ. ಆ ಕೆಂಪು ಕಂಡಾಗ ನನಗೆ ಎಚ್ಚರವಾಯಿತು.

ಓಡಿದೆ. ಎಲೆ ಹಾಕುವವರನ್ನು ದಾಟಿ, ಚಪ್ಪಲಿಗಳನ್ನು ತುಳಿದು ಮಂಟಪಕ್ಕೆ ಹತ್ತುವಷ್ಟರಲ್ಲಿ ಅಕ್ಕಿಕಾಳು ಬಿದ್ದಾಗಿತ್ತು, ಬಟ್ಟೆ ಇಳಿದಾಗಿತ್ತು. ನಜೀರ್ ಕಂಬದ ಹಿಂದಕ್ಕೆ ಸರಿದಿದ್ದ. ಅಯ್ಯನವರು ಬಟ್ಟೆ ಮಡಿಚಿ, ಹೆಣ್ಣಿನ ತಮ್ಮ ಅಂತ ನನ್ನ ಕೈಗೆ ಹಾಕಿದರು. ಅಕ್ಕ ಅದೇ ಹೊತ್ತಿಗೆ ತಲೆಯೆತ್ತಿ ನೋಡಿದಳು. ಕಂಡದ್ದು ನಾನು, ನನ್ನ ಕೈಯಲ್ಲಿ ಬಟ್ಟೆ.

ಹೊರಡುವಾಗ ಅತ್ತು ಕೆಂಪಾದ ಕಣ್ಣಿನಲ್ಲೇ ನಗುತ್ತ ಕೇಳಿದಳು: “ಕೈ ನೋಯ್ತೇನೋ?”

“ಸ್ವಲ್ಪ,” ಅಂದೆ.

ಆ ದಿನ ನಾನು ಅಕ್ಕನಿಗೆ ಹೇಳಿದ ಸುಳ್ಳು ಅದೊಂದೇ ಪದ. ಆದರೆ ಆ ಪದ ಬೆಳೆಯಿತು. ಸೀಡಿ ಹಾಕಿದಾಗಲೆಲ್ಲ ಅವಳು ಆ ಜಾಗಕ್ಕೆ ಬಂದು ನಿಲ್ಲಿಸುತ್ತಾಳೆ. ಬಂದ ನೆಂಟರಿಗೆ, ಪಕ್ಕದ ಮನೆಯವರಿಗೆ, ಹಾಲಿನವಳಿಗೆ ತೋರಿಸುತ್ತಾಳೆ: ನೋಡ್ರಿ, ಇದು ನಮ್ಮ ಈರನ ಕೈ, ಚೂರೂ ನಡುಗಿಸಿಲ್ಲ. ಸೀಡಿಯಲ್ಲಿ ಎಲ್ಲವೂ ಮಸುಕು, ಬೆರಳುಗಳು ನಾಲ್ಕು ಕಡ್ಡಿಯ ಹಾಗೆ, ಕೆಂಪು ಕಾಣುವುದೇ ಇಲ್ಲ. ಮಾತುಗಳ ಮೇಲೆಲ್ಲ ಓಲಗ ತುಂಬಿಸಿದ್ದರಿಂದ ಅಯ್ಯನವರು ಕರೆದದ್ದೂ ಕೇಳುವುದಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಈ ಬಗ್ಗೆ ಒಂದು ಮಾತು ಆಡಲಿಲ್ಲ. ನಜೀರ್, ಬಿಡೋ ಮಾರಾಯ, ಅಕ್ಕ ಬೇಜಾರ್ ಮಾಡ್ಕಂತಾರೆ, ಅಂದು ಸುಮ್ಮನಾದ. ಬಟ್ಟೆ ನನ್ನ ಟ್ರಂಕಿನಲ್ಲಿದೆ. ಅಂಗಿ ಹೊಲಿಸಲಿಲ್ಲ. ದರ್ಜಿಯ ಹತ್ತಿರ ಹೋಗಿ ಬಾಗಿಲಿನಿಂದಲೇ ವಾಪಸು ಬಂದದ್ದುಂಟು.

ಈಗ ತಿಳಿಯಿತಲ್ಲ, ಆ ಜೇನುಹುಳದ ಕಾಲು ನನ್ನನ್ನು ಯಾಕೆ ಹೆದರಿಸಿತು ಅಂತ. ಹಳೇ ಸೀಡಿಯನ್ನೂ ತಿದ್ದಿ ತೋರಿಸುವ ಯಂತ್ರ. ಗೋಡೆಯಷ್ಟು ಪರದೆ. ಅದರ ಮೇಲೆ ಕೆಂಪು ತುದಿಯ ಕಿರುಬೆರಳು. ಪರದೆಯ ಮುಂದೆ ಅಕ್ಕ.

ನಾನು ಭಾವನಿಗೆ ಹೇಳಿದ ನೆಪಗಳನ್ನು ನೆನೆದರೆ ಈಗ ನಗು ಬರುತ್ತದೆ. ಆ ಪ್ಲೇಯರ್ ಬಿಸಿಯಾಗುತ್ತದಂತೆ ಅಂದೆ. ಹಿರಿಯೂರಿನ ಧೂಳಿಗೆ ತಟ್ಟೆ ಸಿಕ್ಕಿಕೊಳ್ಳುತ್ತದೆ ಅಂದೆ. ಅಷ್ಟು ಸ್ಪಷ್ಟವಾದ ಚಿತ್ರ ಕಣ್ಣಿಗೆ ಒಳ್ಳೆಯದಲ್ಲ, ಅಕ್ಕನ ಕನ್ನಡಕದ ನಂಬರು ಏರೀತು ಅಂದೆ. ಸಾಧಾರಣದ್ದೇ ಗಟ್ಟಿ ಅಂದೆ. ಭಾವ ಎಲ್ಲ ಕೇಳಿಕೊಂಡರು. ಕಾಯಿಯೊಳಗೆ ನೀರಿದೆಯೋ ಇಲ್ಲವೋ ಅಂತ ಕೇಳುವ ಹಾಗೆ ತಲೆ ಓರೆ ಮಾಡಿ ಕೇಳಿಕೊಂಡು, “ಹೌದೇನಪ್ಪ,” ಅಂದರು, ಅಷ್ಟೇ. ಮಳೆಗಾಲ ಬಂದು ಹೋಯಿತು. ಆ ಕೋಣೆ ಹಗ್ಗದ ವಾಸನೆ ಬೀರುತ್ತ ಖಾಲಿ ಕೂತಿತ್ತು.

ನಡುವೆ ಒಂದು ದಿನ ಹೊಸದುರ್ಗಕ್ಕೂ ಹೋಗಿ ಬಂದೆ. ಮದುವೆ ಸೀಡಿಗೆ ಮೂಲವಾದ ಕ್ಯಾಸೆಟ್ಟು ಇದ್ದರೆ ಏನು ಮಾಡುತ್ತಿದ್ದೆನೋ, ಕದಿಯುತ್ತಿದ್ದೆನೋ, ತಂದು ಕೊಡುತ್ತಿದ್ದೆನೋ, ನನಗೇ ಗೊತ್ತಿಲ್ಲ. ವಿಡಿಯೋದವರು ಈಗ ಫೋನಿನ ಕವರು ಮಾರುತ್ತಾರೆ. ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿದು ಎಸೆದೆವು ಅಂದರು. ನನಗೆ ಸಮಾಧಾನವೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು.

ಧರ್ಮಪುರದ ಬಸ್ಸಿನ ಆ ಬೆಳಕು ಕಣ್ಣಿಗೆ ಬಿದ್ದದ್ದು ಇದಾದ ಮೇಲೆ. ಅದರ ಮಾರನೆಯ ದಿನವೇ ಅಕ್ಕ ಫೋನು ಮಾಡಿದಳು.

“ಲೇ ಈರ, ನಿಮ್ ಭಾವ ಬಾಯ್ಬಿಟ್ಟು ಹೇಳಲ್ಲ, ನಾನ್ ಹೇಳ್ತೀನಿ ಕೇಳು. ಅಪ್ಪಂದು ಒಂದ್ ಫೋಟೋನೂ ನೆಟ್ಟಗಿಲ್ಲ. ಆಧಾರ್ ಕಾರ್ಡಿನಾಗಿರೋದು ಅಪ್ಪನಂಗೇ ಇಲ್ಲ, ಯಾರೋ ಕಳ್ಳನಂಗೆ ಅವ್ನೆ. ಸೀಡಿನಾಗೆ ಧಾರೆ ಹೊತ್ತಿಗೆ ನನ್ ಹಿಂದೆ ಅಪ್ಪ ನಿಂತಿರ್ತಾರಲ್ಲ, ಆ ಮುಖ ಒಂದ್ ಕಾಣಂಗಿರೋ ಮಿಷಿನ್ ತಗಂಬಾ. ಬೇರೆ ಏನೂ ಬ್ಯಾಡ ನಂಗೆ.”

ಅವಳು ಫೋನಿಟ್ಟ ಮೇಲೆ ನನಗೆ ಹೊಳೆಯಿತು. ನನ್ನ ಬೆರಳು ಮುಚ್ಚಿಡಲು ಹೋಗಿ ಅಪ್ಪನ ಮುಖವನ್ನೂ ಮುಚ್ಚಿಡುತ್ತಿದ್ದೆ. ಅದೂ ನನ್ನ ಬೆರಳಲ್ಲ.

ಮರುದಿನ ಚಿತ್ರದುರ್ಗಕ್ಕೆ ಹೋಗಿ ಅಲ್ಟ್ರಾ ಎಚ್‌ಡಿಯದೇ ತಂದೆ. ಮಗುವನ್ನು ಕೂರಿಸಿಕೊಂಡ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇನ್ನು ನಾನು ಹೇಳಬೇಕಾಗಿಲ್ಲ, ಇದೇ ಹೇಳುತ್ತದೆ. ಅದರಲ್ಲೊಂದು ನೆಮ್ಮದಿಯೂ ಇತ್ತು ಅನ್ನುವುದನ್ನು ಬಚ್ಚಿಡುವುದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗಳಿಗೆ ಕಪ್ಪು ಬಟ್ಟೆ ಎಳೆದು ಕೂತೆವು. ಅಕ್ಕ ಮುಂದಿನ ಕುರ್ಚಿಯಲ್ಲಿ, ಮಂಡಿಯ ಕೆಳಗೆ ದಿಂಬು. ಭಾವ ಅವಳ ಪಕ್ಕ. ನಜೀರ್ ಸ್ಪೀಕರ್ ಸರಿಯಾಗಿದೆಯೇ ನೋಡಲು ಬಂದವನು ತಟ್ಟೆಯಲ್ಲಿ ಬೋಂಡ ಹಿಡಿದು ಕೂತಿದ್ದ. ನಾನು ಸೀಡಿ ಹಾಕಿದೆ. ಅದು ಸದ್ದಿಲ್ಲದೆ ಒಳಗೆ ಹೋಯಿತು.

ಓಲಗದ ದನಿ ನಾಲ್ಕೂ ಮೂಲೆಯಿಂದ ಎದ್ದಿತು. ಛತ್ರದ ಬಾಗಿಲು, ಬಾಳೆಕಂಬ, ಜರಿ ಪೇಟ. ಎಲ್ಲ ದೊಡ್ಡದು, ಎಲ್ಲ ಮಸುಕು. ಹೊಗೆಯೊಳಗೆ ಮದುವೆ ನಡೆಯುತ್ತಿರುವ ಹಾಗೆ. ಬಿಳಿ ಬಟ್ಟೆ ಎದ್ದಿತು. ಬೆರಳುಗಳು ಬಂದವು, ಬಾಳೆಹಣ್ಣಿನಷ್ಟು ದಪ್ಪ. ಕೆಂಪೂ ಇಲ್ಲ, ಉಗುರೂ ಇಲ್ಲ. ಆ ಯಂತ್ರ ತನ್ನ ಶಕ್ತಿಯೆಲ್ಲ ಹಾಕಿ ತಿದ್ದಿತ್ತು. ಆದರೆ ಸೀಡಿಯಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ನಾನು ಉಸಿರು ಬಿಟ್ಟೆ. ನಜೀರ್ ನನ್ನ ಕಡೆ ನೋಡಿ, ಬೋಂಡ ಮುರಿದು ಬಾಯಿಗೆ ಹಾಕಿಕೊಂಡ.

ಅಕ್ಕ ಬೆರಳುಗಳ ಮಾತೇ ಎತ್ತಲಿಲ್ಲ. ಹಿಂದಕ್ಕೆ ತಗೋ ಅಂದಳು. ಬಟ್ಟೆ ಏಳುವ ಮುಂಚಿನ ಜಾಗ. ಅವಳ ಹಿಂದೆ ಅಪ್ಪ ನಿಂತಿದ್ದರು. ಮುಖದ ಜಾಗದಲ್ಲಿ ಸೀಡಿಗೆ ಇಳಿಸುವಾಗಲೇ ಬೆಳಕು ಹರಡಿ ಬರೀ ಬಿಳಿ.

“ಇದ್ರಾಗೂ ಕಾಣಲ್ಲ,” ಅಂದಳು. ಬಹಳ ಮೆಲ್ಲಗೆ ಅಂದಳು.

ಮತ್ತೆ ಮತ್ತೆ ಹಾಕಿಸಿದಳು. ಮುಖ ಕಾಣದಿದ್ದರೂ ಇಷ್ಟು ದೊಡ್ಡ ಪರದೆಯಲ್ಲಿ ಬೇರೇನೋ ಕಂಡಿತು. ಟಿವಿಯಲ್ಲಿ ಯಾವತ್ತೂ ಗಮನಕ್ಕೆ ಬಾರದ್ದು. ಆ ಬಿಳಿ ಮುಖ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು, ಕುತ್ತಿಗೆ ಚಾಚಿ ಜನರ ತಲೆಯ ಮೇಲಿಂದ ನೋಡುತ್ತಿತ್ತು.

“ಅಪ್ಪ ಯಾರನ್ನೋ ಹುಡುಕ್ತಾ ಅವ್ರಲ್ಲ,” ಅಂದಳು ಅಕ್ಕ. “ಆ ಹೊತ್ನಾಗೆ ಯಾರನ್ನ ಹುಡುಕ್ತಿದ್ರೋ.”

ಯಂತ್ರ ಹೇಳುವುದಿಲ್ಲ ಅಂತ ಆಗಲೇ ಗೊತ್ತಾಗಿತ್ತು.

“ನನ್ನ,” ಅಂದೆ.

ಅವಳು ತಿರುಗಲಿಲ್ಲ. ನಾನು ಅವಳ ಬೆನ್ನಿಗೇ ಹೇಳಿದೆ. ಊಟದ ಮನೆ, ಟಿವಿ, ಅಯ್ಯನವರು ಕರೆದದ್ದು, ಹೆಣ್ಣಿನ ತಮ್ಮ ಬರಲಿ ಅಂತ ನಾನೇ ಕಾದದ್ದು. “ಆ ಬೆರಳು ನಂದಲ್ಲಕ್ಕ. ಬಟ್ಟೆ ಹಿಡ್ದೋನು ನಜೀರ. ಕೈ ನೋಯ್ತು ಅಂದಿದ್ದೂ ಸುಳ್ಳು.”

ನಜೀರನ ಕೈಯಲ್ಲಿ ಬೋಂಡ ಹಾಗೇ ನಿಂತಿತ್ತು. ಭಾವ ರಿಮೋಟಿನಿಂದ ಸದ್ದು ನಿಲ್ಲಿಸಿದರು. ಪರದೆಯ ಮೇಲೆ ಮದುವೆ ಮೂಕವಾಗಿ ನಡೆದೇ ಇತ್ತು.

ಅಕ್ಕನ ಭುಜದ ಮೇಲೆ ಬಣ್ಣಗಳು ಬದಲಾಗುತ್ತಿದ್ದವು. ಬಯ್ಯುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

“ಅಲ್ಲಿಂದ ಹೆಂಗ್ ಕಾಣ್ತಿತ್ತೋ?”

ಈ ಸಲ ನಾನು ಕುದುರೆ ಸೇರಿಸಲಿಲ್ಲ. ಕ್ಯಾಮೆರಾದಿಂದ ನೇರ ಬಂದ ಆ ಚಿತ್ರವನ್ನು ನೋಡಿದವರಲ್ಲಿ ಅದನ್ನು ನೆನಪಿಟ್ಟುಕೊಂಡವನು ನಾನೊಬ್ಬನೇ ಇರಬೇಕು. ಇದ್ದದ್ದನ್ನಷ್ಟೇ ಹೇಳಿದೆ. ಬಾಸಿಂಗದ ದಾರ ಜಾರಿ ಅವಳ ಹುಬ್ಬಿನ ಮೇಲೆ ಬಂದಿತ್ತು, ಅಪ್ಪ ಹಿಂದಿನಿಂದ ಕೈ ಚಾಚಿ ತೋರುಬೆರಳಿನಿಂದ ಅದನ್ನು ಮೇಲಕ್ಕೆ ಸರಿಸಿದರು. ಆ ಬೆರಳಿನ ಉಗುರಿನಲ್ಲಿ ಸುಣ್ಣವಿತ್ತು, ಬೆಳಿಗ್ಗೆ ತಾನೇ ಎಲೆಯಡಿಕೆ ಹಾಕಿದ್ದರು. ಗಡ್ಡ ಬೋಳಿಸುವಾಗ ಕೆನ್ನೆಯ ಮೇಲೆ ಒಂದು ಗೀರಾಗಿತ್ತು. ತುಟಿ ಅಲುಗುತ್ತಿತ್ತು, ಅವಳಿಗೆ ಕೇಳದ ಹಾಗೆ ಏನೋ ಹೇಳಿಕೊಳ್ಳುತ್ತಿದ್ದರು. ಆಮೇಲೆ ನನ್ನನ್ನು ಹುಡುಕತೊಡಗಿದರು. ಒಮ್ಮೆ ಕ್ಯಾಮೆರಾದ ಕಡೆಯೇ ನೋಡಿದರು. ಅಂದರೆ ಟಿವಿಯಿಂದ ನನ್ನನ್ನೇ ನೋಡಿದರು. ನಾನೂ ನೋಡುತ್ತ ಕೂತಿದ್ದೆ.

“ಅತ್ತಿದ್ರಾ?” ಅಂದಳು.

“ಇಲ್ಲ. ಬಟ್ಟೆ ಎತ್ತಿದ್ ಮ್ಯಾಲೆ ಕಾಣ್ಲಿಲ್ಲ.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನಜೀರನ ಕಡೆ ತಿರುಗಿ, ನೀನಾದರೂ ಹೇಳಬಾರದಿತ್ತೇನಪ್ಪ, ಇಷ್ಟು ವರ್ಷ ಇವನ ಕೈಯನ್ನೇ ಹೊಗಳಿದೆನಲ್ಲ, ಅಂದಳು. ಅವನು, ನನ್ ಕೈ ನೋವಿದ್ದದ್ದು ನಿಜ ಅಕ್ಕ, ಆದ್ರೆ ಯಾರೂ ಕೇಳ್ಲಿಲ್ಲ, ಅಂದ. ಭಾವ ನಕ್ಕದ್ದನ್ನು ನಾನು ಆ ಕತ್ತಲೆಯಲ್ಲೇ ಮೊದಲ ಸಲ ಕೇಳಿದ್ದು. ಅಕ್ಕ ನಗಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು.

“ಆ ಬಟ್ಟೆ ಎಲ್ಲೈತೆ?”

“ಟ್ರಂಕಿನಾಗೈತೆ.”

“ತಗಂಬಾ.”

ಮುಂದಿನ ಭಾನುವಾರ ತೆಗೆದುಕೊಂಡು ಹೋದೆ. ಬಿಳಿ ಹೋಗಿ ಹಾಲಿನ ಕೆನೆಯ ಬಣ್ಣವಾಗಿತ್ತು, ಮಡಿಕೆಗಳಲ್ಲಿ ಅರಿಶಿನದ ಕಲೆ ಇನ್ನೂ ಇತ್ತು. ನಜೀರನನ್ನೂ ಕರೆಸಿದ್ದಳು. ನನ್ನನ್ನು ಬಟ್ಟೆಯ ಒಂದು ತುದಿಗೆ, ಅವನನ್ನು ಇನ್ನೊಂದು ತುದಿಗೆ ಹಚ್ಚಿ, ಭಾವನ ದುಬಾರಿ ಪರದೆಯ ಮುಂದೆ ಅಡ್ಡ ನಿಲ್ಲಿಸಿದಳು. ತಾನು ಹೋಗಿ ಕುರ್ಚಿಯಲ್ಲಿ ಕೂತು ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡಳು. ಭಾವ ದೀಪ ಆರಿಸಿದರು.

ಮದುವೆ ಬಂದು ಬಟ್ಟೆಯ ಮೇಲೆ ಬಿದ್ದಿತು. ನಾನು ಹಿಂದೆ ನಿಂತಿದ್ದೆ. ನನಗೆ ಎಲ್ಲ ತಿರುಗಿ ಕಂಡಿತು, ನೂಲಿನೊಳಗೆ ನೆನೆದ ಹಾಗೆ. ಅಕ್ಕ ಬಲಕ್ಕಿದ್ದಳು, ಅಪ್ಪ ಆ ಕಡೆಯಿಂದ ಈ ಕಡೆ ಹುಡುಕುತ್ತಿದ್ದರು. ಬಟ್ಟೆಯೊಳಗೆ ಬಟ್ಟೆ ಎದ್ದಿತು. ಅದರ ಅಂಚಿನಲ್ಲಿ ಮಸುಕಾದ ನಾಲ್ಕು ಬೆರಳು, ಅವುಗಳ ಪಕ್ಕದಲ್ಲೇ ನನ್ನ ಬೆರಳು. ತೋಳು ಭಾರವಾಗತೊಡಗಿತು. ಬಟ್ಟೆ ಸಣ್ಣಗೆ ಅಲುಗಿತು, ಎಲ್ಲರೂ ನೀರಿನಲ್ಲಿ ನಿಂತವರ ಹಾಗೆ ಅಲುಗಿದರು.

“ಹೆಂಗ್ ಕಾಣ್ತೈತಕ್ಕ?” ಅಂತ ಹಿಂದಿನಿಂದ ಕೇಳಿದೆ.

“ಅಲ್ಲಾಡಿಸ್ಬೇಡ, ಸುಮ್ನೆ ಹಿಡ್ಕಂಡಿರು,” ಅಂದಳು. “ಆಮ್ಯಾಲೆ ಹೇಳ್ತೀನಿ.”